ಕಾರಿನೊಳಗಿನ ಸೊಳ್ಳೆ

ಕಾರಿನ ಹಾಡಿಗೆ ದನಿ ಕೊಡುವ ಆಂಪ್ಲಿ ಹೊಸದು ಕೊಂಡರೆ ಒಂದು ತಿಂಗಳ ಮನೆಬಾಡಿಗೆಯಷ್ಟು ಹೋಗುತ್ತದೆ, ಹಳೆಯದನ್ನೇ ರಿಪೇರಿ ಮಾಡಿಸಿದರೆ ಅದರ ಕಾಲುಭಾಗ ಸಾಕು, ಸುಟ್ಟುಹೋದ ಟ್ರಾನ್ಸಿಸ್ಟರ್ ಜೋಡಿಗೆ ಒಂದು ಹೊತ್ತಿನ ಊಟದ ದುಡ್ಡೂ ಆಗುವುದಿಲ್ಲ, ಉಳಿದದ್ದೆಲ್ಲ ಕೈಕೂಲಿ. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಅವನು ಈ ಲೆಕ್ಕ ಒಪ್ಪಿಸುತ್ತಿದ್ದ. ಬಾಯಲ್ಲಿ ಕೈಕೂಲಿ ಎಂದರೂ ಮನಸ್ಸಿನಲ್ಲಿ ಅದನ್ನು ಕಿವಿಕೂಲಿ ಎಂದೇ ಎಣಿಸಿಕೊಳ್ಳುತ್ತಿದ್ದ. ಬೆಸುಗೆ ಹಾಕುವ ಕೈ ಯಾರಿಗಾದರೂ ಇರುತ್ತದೆ, ನಾಲ್ಕು ದಿನ ಹೊಗೆ ಕುಡಿದರೆ ಬರುತ್ತದೆ. ಮುಚ್ಚಳ ಬಿಚ್ಚುವ ಮೊದಲೇ, ಸ್ಪೀಕರಿನ ಬಾಯಿಗೆ ಕಿವಿ ಹಿಡಿದು, ಇಂಥದ್ದೇ ಹೋಗಿದೆ ಎಂದು ಹೇಳುವುದು ಬೇರೆ. ಅದಕ್ಕೇ ಬೀದಿಯವರು ಅವನನ್ನು ಕಿವಿಯಣ್ಣ ಎಂದು ಕರೆಯುತ್ತಿದ್ದರು. ಮೊದಮೊದಲು ತಮಾಷೆಗೆ ಕರೆದದ್ದು ಈಗ ಹೆಸರೇ ಆಗಿತ್ತು. ಹೊಸ ಗಿರಾಕಿಗಳು ಪಕ್ಕದ ಬೀಗದ ಅಂಗಡಿಯಲ್ಲಿ ಕಿವಿಯಣ್ಣನ ಅಂಗಡಿ ಯಾವುದು ಎಂದೇ ಕೇಳುತ್ತಿದ್ದರು. ಆ ಬೆಳಿಗ್ಗೆ ಬಾಡಿಗೆ ಕಾರಿನ ಡ್ರೈವರು ಮೂರನೆಯ ಸಲ ಬಂದು ಅಂಗಡಿ ಮುಂದೆ ಗಾಡಿ ನಿಲ್ಲಿಸಿದಾಗ ಅವನು ಮೇಜಿನ ಖಾನೆ ಎಳೆದು, ಬೇಕಿಲ್ಲದ ಸ್ಕ್ರೂ ಒಂದನ್ನು ಹುಡುಕತೊಡಗಿದ. ಹುಡುಕುತ್ತಿರುವವನನ್ನು ಯಾರೂ ತಕ್ಷಣ ಬೈಯುವುದಿಲ್ಲ ಎಂಬುದು ಅವನು ಅನುಭವದಿಂದ ಕಲಿತದ್ದು.

"ಯಜಮಾನ್ರೇ, ನಿಮ್ಮ ಸೊಳ್ಳೆ ಇನ್ನೂ ಸತ್ತಿಲ್ಲ," ಎಂದ ಡ್ರೈವರು, ಮೆಟ್ಟಿಲ ಮೇಲೇ ನಿಂತು.

"ಯಾವ ಸೊಳ್ಳೆ?"

"ನೀವು ಸಾಕಿ ಬಿಟ್ಟಿರೋದು. ಗಾಡಿ ಸ್ಟಾರ್ಟ್ ಮಾಡಿದ್ರೆ ಕುಂಯ್ ಅನ್ನುತ್ತೆ. ಆಕ್ಸಿಲೇಟರ್ ಒತ್ತಿದ್ರೆ ಕಿವಿಯೊಳಗೇ ಬಂದು ಕೂತ್ಕೊಳ್ಳುತ್ತೆ. ನಿನ್ನೆ ಒಬ್ಬಮ್ಮ ಹಿಂದೆ ಕೂತಿದ್ರು. ಏನಪ್ಪಾ, ನಿನ್ನ ಗಾಡಿ ಅಳುತ್ತಾ ಅಂದ್ರು. ನನ್ನ ಕಷ್ಟ ನೋಡಿ ಅಳ್ತಿದೆ ತಾಯಿ ಅಂದೆ."

ಬೀಗದವನು ಪಕ್ಕದಿಂದ ನಕ್ಕ. ಕಿವಿಯಣ್ಣನೂ ನಕ್ಕಂತೆ ಮಾಡಿದ. ಮೊದಲ ಸಲ ಈ ಕಾರು ಬಂದಾಗ ಆಂಪ್ಲಿ ಪೂರ್ತಿ ಸತ್ತಿತ್ತು, ಅದರ ಮೂತಿಯ ಮೇಲೆ ಕೆಂಪು ದೀಪ ಹತ್ತಿಕೊಂಡಿತ್ತು. ಒಳಗೇನಾದರೂ ಸುಟ್ಟರೆ ಆಂಪ್ಲಿ ತಾನೇ ಬಾಯಿ ಮುಚ್ಚಿಕೊಂಡು ಆ ದೀಪ ತೋರಿಸುತ್ತದೆ. ಅವನು ಟ್ರಾನ್ಸಿಸ್ಟರ್ ಜೋಡಿ ಬದಲಾಯಿಸಿದ್ದ, ಕಪ್ಪಾಗಿದ್ದ ಬೋರ್ಡನ್ನು ಬ್ರಷ್ಷಿನಿಂದ ತಿಕ್ಕಿದ್ದ. ಅಷ್ಟಕ್ಕೇ ಬಿಡಬಹುದಾಗಿತ್ತು. ಆದರೆ ಡಿಕ್ಕಿಯಲ್ಲಿ ಯಾವನೋ ಅಡ್ಡಾದಿಡ್ಡಿ ಎಳೆದಿದ್ದ ವೈರುಗಳನ್ನು ನೋಡಿ ಅವನಿಗೆ ತಡೆಯಲಾಗಿರಲಿಲ್ಲ. ಎಲ್ಲವನ್ನೂ ಜಡೆ ಹೆಣೆದ ಹಾಗೆ ಕಟ್ಟಿ, ತುಕ್ಕು ಹಿಡಿದ ಮೂಲೆಯಲ್ಲಿದ್ದ ಅರ್ತಿಂಗ್ ವೈರನ್ನು ಕಿತ್ತು, ಸೀಟಿನ ಹಿಂದೆ ಚೊಕ್ಕವಾದ ಜಾಗ ನೋಡಿ, ಹೊಸ ಬೋಲ್ಟು ಹಾಕಿ ಬಿಗಿದು, ಮೇಲೆ ಕಾರ್ಪೆಟ್ ಎಳೆದಿದ್ದ. ಹಾಡು ಹಚ್ಚಿದಾಗ ಡ್ರೈವರಿನ ಮುಖ ಅರಳಿತ್ತು. ಎರಡು ದಿನ ಬಿಟ್ಟು ಬಂದು ಏನೋ ಸಣ್ಣ ಸದ್ದು ಎಂದಾಗ, ಹೊಸ ಸಾಮಾನು, ಪಳಗಬೇಕು ಎಂದು ಕಳಿಸಿದ್ದ. ಹೊಸ ಚಪ್ಪಲಿಯ ಬಗ್ಗೆ ಹೇಳಬಹುದಾದ ಮಾತು ಅದು, ಟ್ರಾನ್ಸಿಸ್ಟರಿನ ಬಗ್ಗೆ ಅಲ್ಲ. ಹೇಳುವಾಗಲೇ ಅದು ಅವನಿಗೆ ಗೊತ್ತಿತ್ತು.

"ನೋಡಪ್ಪಾ, ಹೋದ ಸಲವೂ ಕೂತು ಕೇಳಿದೆ. ಏನೂ ಇರಲಿಲ್ಲ. ಕೆಲವು ಸಲ ಭ್ರಮೆ ಆಗುತ್ತೆ."

"ನನ್ನ ಕಿವಿಗೆ ಹೂ ಇಡ್ಬೇಡಿ ಯಜಮಾನ್ರೇ. ನನಗೆ ಭ್ರಮೆ, ಆಯಮ್ಮನಿಗೂ ಭ್ರಮೆ. ಬನ್ನಿ, ಕೂತ್ಕೊಳ್ಳಿ. ಇವತ್ತು ಇಬ್ಬರೂ ಒಟ್ಟಿಗೇ ಭ್ರಮೆ ಪಡೋಣ."

ಕಾರಿನೊಳಗೆ ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ. ಡ್ರೈವರು ಕಿಟಕಿಗಳನ್ನೆಲ್ಲ ಏರಿಸಿ, ಹಾಡಿಲ್ಲದೆ ಬರೀ ಆಂಪ್ಲಿ ಹಚ್ಚಿ, ಇಂಜಿನ್ ಚಾಲೂ ಮಾಡಿದ. ಅವನು ಕಣ್ಣು ಮುಚ್ಚಿದ. ಕಣ್ಣು ಮುಚ್ಚುವುದು ಅವನ ಪದ್ಧತಿ, ಗಿರಾಕಿಗಳಿಗೆ ಅದನ್ನು ನೋಡಿದರೆ ಅರ್ಧ ನಂಬಿಕೆ ಬರುತ್ತಿತ್ತು. ಇಂಜಿನ್ನಿನ ಗುಡುಗುಡು, ಅದರ ಕೆಳಗೆ ಎಲ್ಲೋ, ಬಟ್ಟೆಯೊಳಗೆ ಕಟ್ಟಿಟ್ಟ ಹಾಗೆ ಒಂದು ತೆಳ್ಳನೆಯ ಗುಂಯ್. ಇದೆ. ಇದೆಯಲ್ಲ. ಅವನಿಗೆ ಒಂದು ಕ್ಷಣ ಸಮಾಧಾನವೇ ಆಯಿತು: ಇಷ್ಟು ದಿನ ಗಮನ ಕೊಟ್ಟಿರಲಿಲ್ಲ, ಅಷ್ಟೇ. ಡ್ರೈವರು ನಿಧಾನಕ್ಕೆ ಆಕ್ಸಿಲೇಟರ್ ಒತ್ತಿದ. ಗುಂಯ್ ಮೇಲಕ್ಕೆ ಹೋಯಿತು, ಇನ್ನೂ ಸಣ್ಣಗಾಯಿತು, ಮಹಡಿಯ ಮೆಟ್ಟಿಲು ಹತ್ತಿ ಹೋಗುವವರ ಹೆಜ್ಜೆಯ ಹಾಗೆ ದೂರವಾಗಿ, ಒಂದು ಕಡೆ ನಿಂತೇ ಹೋಯಿತು.

"ಸಿಕ್ತು," ಎಂದ ಅವನು ಕಣ್ಣು ಬಿಟ್ಟು. "ನಿಂತಾಗ ಇದೆ. ಒತ್ತಿದರೆ ಹೋಗುತ್ತಲ್ಲ."

ಡ್ರೈವರು ಕಾಲು ಎತ್ತಲಿಲ್ಲ. ಒತ್ತಿಕೊಂಡೇ ಅವನ ಮುಖ ನೋಡಿದ. ತಮಾಷೆ ಮಾಡುತ್ತಿದ್ದಾನೋ ಎಂದು ಮೊದಲು, ಆಮೇಲೆ ಬೇರೆ ಥರ.

"ಹೋಗುತ್ತಾ?" ಎಂದ. "ಈಗ, ಇಲ್ಲಿ, ಹಲ್ಲು ಜುಮ್ ಅಂತಿದೆ. ಹೋಗುತ್ತಾ?"

ಅವನು ತಲೆಯಾಡಿಸಿದ, ಹೌದೋ ಅಲ್ಲವೋ ತಿಳಿಯದ ಹಾಗೆ. ಸಂಜೆಯವರೆಗೆ ಗಾಡಿ ಇಲ್ಲೇ ಇರಲಿ ಎಂದ. ಡ್ರೈವರು ಬೀಗದ ಕೈ ಕೊಟ್ಟು, "ಆಗ್ಲಿಲ್ಲ ಅಂದ್ರೆ ಬಿಚ್ಚಿಬಿಡಿ. ಬೇರೆ ಕಡೆ ತೋರಿಸ್ತೀನಿ. ಮನಸ್ತಾಪ ಬೇಡ," ಎಂದು ಹೋದ. ಮನಸ್ತಾಪ ಬೇಡ ಎಂದು ಸಣ್ಣ ದನಿಯಲ್ಲಿ ಹೇಳಿದ್ದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ವಯಸ್ಸಾದವರ ಹತ್ತಿರ ಜನ ಹಾಗೆ ಮಾತಾಡುತ್ತಾರೆ.

ಅವನು ಮೀಟರು ತಂದು ಸ್ಪೀಕರಿನ ತಂತಿಗೆ ಹಚ್ಚಿದ. ಹಾಡಿಲ್ಲದಾಗ ಸೂಜಿ ಮಲಗಿರಬೇಕು. ಪೆಡಲನ್ನು ಕೈಯಿಂದ ಒತ್ತಿದಾಗ ಸೂಜಿ ಸ್ವಲ್ಪವೇ ಎದ್ದು, ನಡುಗುತ್ತ ನಿಂತಿತು. ಅವನು ಕೈ ತೆಗೆದ, ಮತ್ತೆ ಒತ್ತಿದ. ಮತ್ತೆ ಎದ್ದಿತು. ತಗಡಿನ ಡಬ್ಬಿಗೆ ತಿಳಿದದ್ದು ಅವನಿಗೆ ತಿಳಿದಿರಲಿಲ್ಲ. ಎಷ್ಟು ದಿನದಿಂದ? ಕಣ್ಣು ಮಂಜಾದರೆ ಮಂಜು ಕಾಣುತ್ತದೆ, ಹಲ್ಲು ಹೋದರೆ ನಾಲಿಗೆಗೆ ಸಂದು ಸಿಗುತ್ತದೆ. ಕೇಳದೇ ಹೋದದ್ದು ಹೋದ ಜಾಗದ ಗುರುತನ್ನೂ ಬಿಟ್ಟುಹೋಗುವುದಿಲ್ಲ. ಈಚೆಗೆ ಸಂಜೆಗಳು ಎಷ್ಟು ನಿಶ್ಶಬ್ದವಾಗಿವೆ ಎಂದು ಅವನು ಮೆಚ್ಚಿಕೊಂಡಿದ್ದ. ಮನೆಯ ಹಿಂದಿನ ಚರಂಡಿಯ ಬಳಿ ಜೀರುಂಡೆಗಳು ಇಲ್ಲವಾದವು, ಯಾರೋ ಔಷಧಿ ಹೊಡೆದಿರಬೇಕು ಎಂದುಕೊಂಡಿದ್ದ. ಹೆಂಡತಿ ಅಲ್ಲೇ ಬಟ್ಟೆ ತೆಗೆಯುತ್ತ ನಿಂತಿದ್ದಳು. ಅವಳಿಗೆ ಆ ಮಾತು ಹೇಳಿದ್ದ ಕೂಡ. ಅವಳು ತಿರುಗಿ ಚರಂಡಿಯ ಕಡೆ ನೋಡಿ, ಏನೋ ಹೇಳಲು ಹೋಗಿ, ಹೇಳದೆ ಬಟ್ಟೆ ಮಡಚಿದ್ದಳು.

ಹೇಳುವುದನ್ನು ಅವಳು ಅಷ್ಟು ಹೊತ್ತಿಗೆ ಬಿಟ್ಟಿದ್ದಳು. ಅದಕ್ಕೂ ಮೊದಲು ಹೇಳುತ್ತಿದ್ದಳು: ಮಲಗುವ ಕೋಣೆಯಲ್ಲಿ ಏನೋ ಕುಂಯ್ ಅನ್ನುತ್ತೆ ರೀ. ದೀಪ ಆರಿಸಿದ ಮೇಲೆ ಜಾಸ್ತಿ. ಮೊದಲ ಸಲ ಅವನು ಎದ್ದು, ಕೋಣೆಯ ನಡುವೆ ನಿಂತು, ಗಿರಾಕಿಗಳ ಮುಂದೆ ಮಾಡುವ ಹಾಗೆಯೇ ಕಣ್ಣು ಮುಚ್ಚಿ ಕೇಳಿದ್ದ. ಗೋಡೆಗೆ ಕಿವಿ ಹಚ್ಚಿದ್ದ. ಮಂಚದ ಹಿಂದೆ ಅವನ ರೇಡಿಯೋದ ಅಡಾಪ್ಟರು ಸದಾ ಸಿಕ್ಕಿಸಿಯೇ ಇರುತ್ತಿತ್ತು, ಅದನ್ನು ಮುಟ್ಟಿಯೂ ನೋಡಿದ್ದ, ಬೆಚ್ಚಗಿತ್ತು, ಅಷ್ಟೇ. ಏನೂ ಇಲ್ಲ ಕಣೇ, ನಾನು ಹೇಳ್ತಿದೀನಲ್ಲ ಎಂದಿದ್ದ. ಅವಳು ನಂಬಿದಳು. ಯಾಕೆ ನಂಬಬಾರದು? ಊರಿಗೆಲ್ಲ ಸದ್ದು ಹಿಡಿದುಕೊಡುವವನು ಮನೆಯ ಸದ್ದು ಹಿಡಿಯದೇ ಇರುತ್ತಾನೆಯೇ? ಸದ್ದು ಕೋಣೆಯಲ್ಲಿಲ್ಲ ಎಂದಾದ ಮೇಲೆ ತಲೆಯಲ್ಲಿರಬೇಕು ಎಂದು ಅವಳೇ ತೀರ್ಮಾನಿಸಿಕೊಂಡು ಕಿವಿ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ಕಿವಿ ಏನೋ ಚೆನ್ನಾಗಿದೆ, ಕೆಲವರಿಗೆ ತಲೆಯಲ್ಲೇ ಸದ್ದು ಬರುತ್ತದೆ, ನರಕ್ಕೆ ಮಾತ್ರೆ ತೆಗೆದುಕೊಳ್ಳಿ ಎಂದರು. ಬರುವಾಗ ಬಸ್ಸಿನಲ್ಲಿ ಅವನು ನಾನು ಹೇಳಲಿಲ್ಲವೇ ಎಂದಿದ್ದ. ಆ ಮಾತ್ರೆ ತಿಂದರೆ ಅವಳಿಗೆ ಮಧ್ಯಾಹ್ನದವರೆಗೂ ಮಂಪರು, ಬಾಯೆಲ್ಲ ಒಣಗುತ್ತಿತ್ತು. ಒಂದು ದಿನ ಹಾಸಿಗೆ ಎತ್ತಿಕೊಂಡು ಹಾಲ್‌ಗೆ ಹೋದಳು. ಅವನು ಅದನ್ನು ಮುನಿಸು ಎಂದುಕೊಂಡ. ಅವಳ ತಂಗಿಯ ಮನೆಸಾಲದ ವಿಷಯಕ್ಕೆ ಆಡಿದ ಒಂದು ಮಾತು ಅವಳಿಗೆ ನಾಟಿರಬೇಕು, ನಾಟಲಿ, ಎಷ್ಟು ದಿನ ಮಲಗುತ್ತಾಳೋ ಮಲಗಲಿ ಎಂದುಕೊಂಡು, ತಾನೂ ಕರೆಯದೆ, ಬಾಗಿಲು ಮುಂದೆ ಮಾಡಿಕೊಂಡು ಮಲಗಿದ. ಮಾರನೆಯ ದಿನವೂ. ಆಮೇಲೆ ಅದು ಮನೆಯ ಪದ್ಧತಿಯೇ ಆಗಿಹೋಯಿತು.

ಪೆಡಲಿನ ಹತ್ತಿರ ಬಗ್ಗಿದ್ದರಿಂದ ಅವನ ಸೊಂಟ ಹಿಡಿದುಕೊಂಡಿತ್ತು. ಡಿಕ್ಕಿಯಲ್ಲಿ ಬೋಲ್ಟು ಮುಟ್ಟಿ ನೋಡಿದ, ಬಿಗಿಯಾಗಿತ್ತು. ಮೀಟರನ್ನೇ ನಂಬಿ ಒಂದೊಂದಾಗಿ ನೋಡುತ್ತ ಹೋಗಬಹುದು. ಆದರೆ ಸೂಜಿ ಮಲಗಿದ ಮೇಲೂ ಉಳಿಯುವ ಸದ್ದುಗಳುಂಟು ಎಂದು ಅವನಿಗೆ ಗೊತ್ತಿತ್ತು; ಸೂಜಿ ಬಿಟ್ಟದ್ದನ್ನು ಹಿಡಿಯುವುದಕ್ಕೇ ಅಲ್ಲವೇ ಅವನಿಗೆ ಆ ಹೆಸರು ಬಂದದ್ದು. ಬೀಗದವನನ್ನು ಕರೆಯಬಹುದಿತ್ತು. ಕರೆದರೆ ಸಂಜೆಯೊಳಗೆ ಬೀದಿಗೆಲ್ಲ ತಿಳಿಯುತ್ತದೆ. ಕಿವಿಯಣ್ಣ ಎಂಬ ಹೆಸರು ಆಗಲೂ ಉಳಿಯುತ್ತದೆ, ಅದರೊಳಗಿನ ನಗು ಬೇರೆಯಾಗುತ್ತದೆ.

ಊಟದ ಡಬ್ಬಿ ಹಿಡಿದು ಹೆಂಡತಿ ಬಂದಳು. ದಿನವೂ ಬಂದು ಡಬ್ಬಿ ಇಟ್ಟು, ಹಿಂದಿನ ದಿನದ್ದನ್ನು ತೆಗೆದುಕೊಂಡು ಹೋಗುವವಳು. ಮಾತ್ರೆಯ ಮಂಪರಿನಿಂದ ಅವಳ ಕಣ್ಣಿನ ಕೆಳಗೆ ಉಬ್ಬಿತ್ತು. ಅವನು ಸುತ್ತ ನೋಡಿದ. ಬೀಗದವನು ಊಟಕ್ಕೆ ಹೋಗಿದ್ದ.

"ಸ್ವಲ್ಪ ಈ ಕಾರಲ್ಲಿ ಕೂತ್ಕೊ," ಎಂದ.

"ಯಾಕೆ, ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲ. ಕೂತ್ಕೊ. ಡ್ರೈವರ್ ಸೀಟಲ್ಲಿ."

"ಈ ವಯಸ್ಸಲ್ಲಿ ನನಗೆ ಡ್ರೈವಿಂಗ್ ಕಲಿಸ್ತೀರಾ? ಅಂಗಡಿ ಒಳಗೇ ನುಗ್ಗಿಸಿಬಿಟ್ಟೇನು."

ಆದರೂ ಸೆರಗು ಸುತ್ತಿಕೊಂಡು ಕೂತಳು. ಗೇರು ಬಿಡಿಸಿ, ಬ್ರೇಕು ಎಳೆದು, ಯಾವುದನ್ನು ಒತ್ತಬೇಕೆಂದು ತೋರಿಸಿ, ಅವನು ಪಕ್ಕದಲ್ಲಿ ಕೂತ. ಇಂಜಿನ್ ಹಚ್ಚಿದ. ಒತ್ತು ಎಂದ. ಅವಳು ಒತ್ತಿದಳು. ಒತ್ತಿದ್ದೇ ತಡ ಅವಳ ಎಡಗೈ ಕಿವಿಯ ಕಡೆಗೆ ಎದ್ದಿತು. ಅರ್ಧ ದಾರಿಯಲ್ಲಿ ತಡೆದು, ಆ ಕೈಯಿಂದ ಕೂದಲು ಸರಿಮಾಡಿಕೊಂಡಳು.

"ಏನಾದರೂ ಸದ್ದು ಇದೆಯಾ?"

ಅವಳು ಅವನ ಮುಖ ನೋಡಿದಳು. ಉತ್ತರ ಅಲ್ಲಿದೆಯೇನೋ ಎಂಬಂತೆ ನೋಡಿದಳು.

"ಇಲ್ಲ," ಎಂದಳು.

"ಸರಿಯಾಗಿ ಕೇಳು."

"ನೀವೇ ಹೇಳಿ. ಇದೆಯಾ?"

"ನಾನು ನಿನ್ನ ಕೇಳ್ತಿರೋದು."

"ನನಗೆ ಕೇಳಿಸೋದಕ್ಕೆಲ್ಲ ಲೆಕ್ಕ ಇಲ್ಲ ಅಂತ ನೀವೇ ಹೇಳಿದ್ದೀರಲ್ಲ," ಎಂದಳು ಅವಳು. ಆ ದನಿಯಲ್ಲಿ ಕೋಪ ಇರಲಿಲ್ಲ. ಬಾಗಿಲು ಹಾಕಿದೆಯಾ ಎಂದರೆ ಹಾಕಿದೆ ಎನ್ನುವ ದನಿ. "ತಲೆಯೊಳಗಿಂದು ಯಾವುದು, ಹೊರಗಿಂದು ಯಾವುದು ಅಂತ ನನಗೆ ಗೊತ್ತಾಗಲ್ಲ. ನಾನು ಇದೆ ಅಂದ್ರೆ ನೀವು ಪಾಪ ಹುಡುಕ್ತಾ ಕೂತ್ಕೋತೀರ. ಯಾರದೋ ಗಾಡಿ, ನನ್ನ ಮಾತು ಕೇಳಿ ಕೆಡಿಸ್ಬೇಡಿ."

ಅವನಿಗೆ ತನ್ನ ಮೇಜಿನ ಮೇಲಿದ್ದ ಒಂದು ಮೀಟರು ನೆನಪಾಯಿತು. ಸರಿಯಾಗಿಯೇ ಇದ್ದದ್ದನ್ನು ತಪ್ಪು ತೋರಿಸುತ್ತದೆ ಎಂದು ತಾನೇ ತಿರುಪು ತಿರುವಿ, ಅಳತೆ ಕೆಡಿಸಿ, ಕೊನೆಗೆ ಯಾವುದಕ್ಕೂ ಬಾರದ ಹಾಗೆ ಮಾಡಿದ್ದ. ಈಗ ಎರಡು ದಾರಿ ಇತ್ತು. ಇದೆ ಎಂದು ತಾನೇ ಹೇಳಬಹುದು: ಮೀಟರಿನಿಂದ ಗೊತ್ತಿರುವುದನ್ನು ಕಿವಿಯಿಂದ ಗೊತ್ತಾದಂತೆ ಹೇಳಿದರೆ ಅವಳೂ ಹೌದು, ನನಗೂ ಕೇಳಿಸಿತು ಎನ್ನುತ್ತಾಳೆ. ಕೆಲಸ ಆಗುತ್ತದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆದರೆ ಆಮೇಲೆ ಸದ್ದು ಹೋಯಿತೇ ಎಂದು ಕೇಳಿದಾಗಲೂ ಅವಳು ಮತ್ತೆ ಅವನ ಮುಖವನ್ನೇ ನೋಡುತ್ತಾಳೆ. ಅವನ ಮುಖದಲ್ಲಿ ಏನೂ ಇರುವುದಿಲ್ಲ.

"ನನಗೆ ಕೇಳಿಸಲ್ಲ," ಎಂದ.

"ಏನು?"

"ಸಣ್ಣ ಸದ್ದು ಯಾವುದೂ ನನಗೆ ಕೇಳಿಸ್ತಿಲ್ಲ. ಇವತ್ತು ಗೊತ್ತಾಯ್ತು. ಮನೇಲಿ ನಿನಗೆ ಕೇಳಿಸಿದ್ದೂ ಇದ್ದಿರಬೇಕು," ಎಂದ.

ಅವಳ ಕಾಲು ಪೆಡಲಿನ ಮೇಲೇ ಇತ್ತು. ಇಂಜಿನ್ನು ಒಂದೇ ಸಮ ಕೂಗುತ್ತಿತ್ತು. ಅವಳು ಕಾರಿನ ಗಾಜಿನಾಚೆ, ಅಂಗಡಿಯ ಬೋರ್ಡಿನ ಕಡೆ ನೋಡುತ್ತಿದ್ದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಉತ್ತರ ಕೊಡಲು ಒಂದೆರಡು ಮಾತು ಸಿದ್ಧ ಮಾಡಿಕೊಂಡಿದ್ದ. ವಯಸ್ಸಾದ ಮೇಲೆ ಯಾರಿಗಾದರೂ ಆಗುವುದೇ, ಬೇಕೆಂದು ಮಾಡಿದೆನೇ, ಡಾಕ್ಟರೂ ಹಾಗೇ ಹೇಳಲಿಲ್ಲವೇ.

"ಇದೆ," ಎಂದಳು ಅವಳು. "ಸೂಜಿ ಹಾಗೆ ಇದೆ. ನಾನು ಒತ್ತಿದಷ್ಟೂ ಮೇಲೆ ಹೋಗುತ್ತೆ." ಕೈಯೆತ್ತಿ ಬೆರಳು ಮೇಲಕ್ಕೆ ಎಳೆದು ತೋರಿಸಿದಳು. "ಹಿಂದಿನ ಎಡಗಡೆಯಿಂದ ಬರ್ತಿದೆ. ಬಲಗಡೆಯಿಂದಲೂ ಬರುತ್ತೆ, ಕಡಿಮೆ. ಏನು ಮಾಡ್ಬೇಕು ಹೇಳಿ."

ಅವನು ಹಿಂದೆ ಹೋಗಿ ಡಿಕ್ಕಿಯೊಳಗೆ ಬಗ್ಗಿದ. ಇಂಜಿನ್ ಆರಿಸಿ, ಹಾಡು ತರುವ ವೈರುಗಳನ್ನು ಆಂಪ್ಲಿಯಿಂದ ಕಿತ್ತು, ಮತ್ತೆ ಹಚ್ಚಲು ಹೇಳಿದ. "ಹೋಯ್ತು," ಎಂದಿತು ಮುಂದಿನಿಂದ ದನಿ. ಮತ್ತೆ ಆರಿಸಿ ಸಿಕ್ಕಿಸಿದ. "ಬಂತು." ಹಾಗಾದರೆ ಆಂಪ್ಲಿಯ ಹೊಟ್ಟೆಯಲ್ಲಿ ತೊಂದರೆ ಇಲ್ಲ, ತಾನು ಹಾಕಿದ ಟ್ರಾನ್ಸಿಸ್ಟರುಗಳು ಸರಿಯಾಗಿವೆ. ಅರ್ತಿಂಗ್ ವೈರನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿದ. "ಜಾಸ್ತಿ ಆಯ್ತು. ಕಡಿಮೆ ಆಯ್ತು. ಅದೇ, ಅದೇ, ಏನು ಮುಟ್ಟಿದ್ರಿ?" ಅವಳ ದನಿ ಚುರುಕಾಗಿತ್ತು, ಮಂಪರು ಎಲ್ಲಿ ಹೋಯಿತೋ. ಅವನು ಎಲ್ಲ ಆರಿಸಿ, ತಾನು ಬಿಗಿದ ಬೋಲ್ಟನ್ನು ಬಿಚ್ಚಿದ. ಕೆಳಗೆ ಹೊಳೆಯುವ ಬಣ್ಣ. ಚೊಕ್ಕವಾಗಿದೆ ಎಂದು ತಾನು ಆರಿಸಿದ ಜಾಗ ಚೊಕ್ಕವಾಗಿ ಕಂಡದ್ದು ಅದರ ಮೇಲೆ ದಪ್ಪ ಬಣ್ಣ ಇದ್ದುದರಿಂದ. ಬಣ್ಣದ ಮೇಲೆ ಎಷ್ಟು ಬಿಗಿದರೂ ವೈರು ಕಬ್ಬಿಣವನ್ನು ಮುಟ್ಟುವುದಿಲ್ಲ, ಅರ್ತಿಂಗ್ ನಿಲ್ಲುವುದಿಲ್ಲ. ಇಂಜಿನ್ನಿನ ಗಲಾಟೆಯೆಲ್ಲ ಹಾಡಿನ ವೈರು ಹಿಡಿದು ಒಳಗೆ ಬರುತ್ತದೆ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ಅವನು ತಪ್ಪು ಮಾಡಿದ್ದು ಮೊದಲ ಸಲವಲ್ಲದಿರಬಹುದು. ಹಿಂದೆಲ್ಲ ತಪ್ಪು ಮಾಡಿದ ಮರುಗಳಿಗೆಗೆ ಕಿವಿ ಅದನ್ನು ಹೇಳಿಬಿಡುತ್ತಿತ್ತು, ತಿದ್ದಿಕೊಳ್ಳುತ್ತಿದ್ದ, ತಪ್ಪೇ ಮಾಡದವನ ಹಾಗೆ ಬೀಗುತ್ತಿದ್ದ. ಮರಳುಕಾಗದ ತೆಗೆದುಕೊಂಡು ಕಬ್ಬಿಣ ಬೆಳ್ಳಗೆ ಕಾಣುವವರೆಗೆ ತಿಕ್ಕಿದ. ವೈರಿನ ತುದಿ ಕೂರಿಸಿ ಬಿಗಿದ.

"ಈಗ?"

ಇಂಜಿನ್ ಜೋರಾಯಿತು, ಇಳಿಯಿತು, ಮತ್ತೆ ಜೋರಾಯಿತು.

"ಇಲ್ಲ," ಎಂದಳು.

"ನಿಜವಾಗಿ ಇಲ್ವಾ? ಪೂರ್ತಿ ಒತ್ತಿ ನೋಡು."

"ನಾನು ಹೇಳ್ತಿದೀನಲ್ಲ," ಎಂದಳು ಅವಳು.

ಅವನು ಮೀಟರು ಹಚ್ಚಲು ಕೈ ಚಾಚಿದವನು ಬಿಟ್ಟ. ಕೇಳಿಸದ್ದನ್ನು ಇನ್ನೊಬ್ಬರ ಬಾಯಿಂದ ಒಪ್ಪಿಕೊಂಡು ನಿಲ್ಲುವುದು ಎಂದರೆ ಹೀಗೆ. ಕಾಲ ಕೆಳಗೆ ನೆಲ ಇದೆ ಎಂದು ಯಾರೋ ಹೇಳುತ್ತಾರೆ, ಕತ್ತಲಲ್ಲಿ ಕಾಲಿಡಬೇಕು. ಅವಳು ಇಷ್ಟು ಕಾಲ ಹೀಗೆ ನಿಂತಿದ್ದಳು. ಅವಳಿಗೆ ಹೇಳಿದವನು ತಪ್ಪು ಹೇಳಿದ್ದ.

ಡ್ರೈವರು ಸಂಜೆಗೆ ಮೊದಲೇ ಬಂದಾಗ ಅವಳು ಡಬ್ಬಿ ತೊಳೆದುಕೊಂಡು ಹೊರಟು ನಿಂತಿದ್ದಳು. ಡ್ರೈವರು ಕಾರಿನಲ್ಲಿ ಕೂತು, ಕಿಟಕಿ ಏರಿಸಿ, ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದ. ಕಿಟಕಿ ಇಳಿಸಿದಾಗ ಹಲ್ಲೆಲ್ಲ ಕಾಣುತ್ತಿತ್ತು.

"ಸತ್ತೋಯ್ತು ಯಜಮಾನ್ರೇ. ತಿಥಿ ಮಾಡೋದೊಂದೇ ಬಾಕಿ. ಬೆಳಿಗ್ಗೆ ನಿಮ್ಮ ಬಗ್ಗೆ ಏನೇನೋ ಅಂದ್ಕೊಂಡೆ, ಮನಸ್ಸಿಗೆ ಹಚ್ಕೋಬೇಡಿ. ಕಿವಿ ಅಂದ್ರೆ ನಿಮ್ಮದೇ ಬಿಡಿ."

ಬೀಗದವನು ಊಟ ಮುಗಿಸಿ ಬಂದು ಕೂತಿದ್ದ, ಅವನೂ ಈ ಕಡೆ ನೋಡಿದ. ಈಗ ಹೇಳಬೇಕು ಎಂದುಕೊಂಡ ಕಿವಿಯಣ್ಣ. ಇವಳು ಹಿಡಿದಳು ಎಂದರೆ ಸಾಕು, ತಮಾಷೆಯ ಹಾಗೆ ಹೇಳಿದರೂ ಸಾಕು. ಬಾಯಿ ತೆರೆದ. ಮಾತು ಬರುವಷ್ಟರಲ್ಲಿ ಹೆಂಡತಿ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಡ್ರೈವರಿಗೆ ಹೇಳಿದಳು:

"ಹೌದಪ್ಪ. ಅವರಿಗೆ ಕೇಳಿಸದೇ ಇರೋದು ಯಾವುದಿದೆ."

ಡ್ರೈವರು ನಕ್ಕು ಗಾಡಿ ತಿರುಗಿಸಿದ. ಅವಳು ಹೊರಟುಹೋದಳು. ಕಾಪಾಡಿದಳೋ ಕುಟುಕಿದಳೋ ಎಂದು ಅವನು ಬಾಗಿಲು ಮುಚ್ಚುವವರೆಗೂ ಯೋಚಿಸಿದ. ಎರಡೂ ಇರಬಹುದು ಎಂದು ಹೊಳೆದಾಗ ಅವನು ಮನೆಯ ದಾರಿ ಅರ್ಧ ನಡೆದಿದ್ದ.

ಮನೆಗೆ ಬಂದವನೇ ಚಪ್ಪಲಿ ಬಿಟ್ಟು ಮಲಗುವ ಕೋಣೆಗೆ ಹೋಗಿ, ಮಂಚ ಎಳೆದು, ಅಡಾಪ್ಟರನ್ನು ಗೋಡೆಯಿಂದ ಕಿತ್ತ. ಅವಳು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಕೋಣೆಗೆ ಕಿವಿಗೊಟ್ಟು, "ಅದೇ," ಎಂದಳು. ಅವನು ಅದನ್ನು ಕೈಯಲ್ಲಿ ಹಿಡಿದಿದ್ದ, ಇನ್ನೂ ಬೆಚ್ಚಗಿತ್ತು.

"ಮಾತ್ರೆ ನಿಲ್ಲಿಸಿಬಿಡು," ಎಂದ.

"ಒಮ್ಮೆಲೇ ನಿಲ್ಲಿಸಬಾರದಂತೆ. ಡಾಕ್ಟರ್ನ ಕೇಳಿ ನಿಲ್ಲಿಸ್ತೀನಿ."

"ಹಾಸಿಗೆ ಇಲ್ಲಿಗೇ ತರ್ಲಾ?"

ಅವಳು ಕೋಣೆಯನ್ನು ನೋಡಿದಳು. ಹೊಸ ಮನೆ ತೋರಿಸಲು ಕರೆದುಕೊಂಡು ಬಂದಾಗ ಜನ ನೋಡುತ್ತಾರಲ್ಲ, ಹಾಗೆ, ಕಿಟಕಿ ಎಲ್ಲಿದೆ, ಗಾಳಿ ಎಲ್ಲಿಂದ ಎಂದು.

"ಬೇಡ," ಎಂದಳು. "ಹಾಲ್‌ನಲ್ಲೇ ಅಭ್ಯಾಸ ಆಗಿದೆ. ಅಲ್ಲಿ ನಿದ್ದೆ ಬರುತ್ತೆ. ಕೈಕಾಲು ತೊಳ್ಕೊಳ್ಳಿ, ಬಡಿಸ್ತೀನಿ."

ಡ್ರೈವರು ಮತ್ತೆ ದೂರು ಹೇಳಿಕೊಂಡು ಬರಲಿಲ್ಲ, ಅಂದರೆ ಕೆಲಸ ಸರಿಯಾಗಿತ್ತು. ಬೀದಿಯಲ್ಲಿ ಅವನ ಹೆಸರು ಹಾಗೇ ಉಳಿಯಿತು. ಡಾಕ್ಟರು ಹೇಳಿದ ಹಾಗೆ ಕಡಿಮೆ ಮಾಡುತ್ತ ಬಂದು ಅವಳ ಮಾತ್ರೆ ನಿಂತಿತು, ಬೆಳಿಗ್ಗೆಗಳು ಅವಳಿಗೆ ವಾಪಸು ಸಿಕ್ಕವು. ಅಂಗಡಿಯಲ್ಲಿ ಯಾವುದಾದರೂ ಸಣ್ಣ ಸದ್ದಿನ ದೂರು ಬಂದರೆ ಅವನು ಮಧ್ಯಾಹ್ನದವರೆಗೆ ಇಟ್ಟುಕೊಳ್ಳುತ್ತಾನೆ, ಅವಳು ಬಂದು ಕೇಳಿ, ಇದೆ ಅಥವಾ ಇಲ್ಲ ಎಂದು ಹೇಳಿ ಹೋಗುತ್ತಾಳೆ. ಅವನ ಮುಖ ನೋಡುವುದಿಲ್ಲ. ಮನೆಯಲ್ಲಿ ಯಾವ ವಿಷಯಕ್ಕೂ ಈಗ ಅವಳು ನೀವೇನು ಹೇಳ್ತೀರಿ ಎಂದು ಕೇಳುವುದಿಲ್ಲ. ಮಲಗುವ ಕೋಣೆಯಲ್ಲಿ ಸದ್ದಿಲ್ಲ, ಅಲ್ಲಿ ಅವನೊಬ್ಬನೇ ಮಲಗುತ್ತಾನೆ.